ಸೀಲಂಟ್ ಹಾಕುವುದಕ್ಕಿಂತ ಹಲ್ಲು ಒಣಗಿಸುವುದೇ ದೊಡ್ಡ ಕೆಲಸ

'ಹಾಲು ಹಲ್ಲು ಅಲ್ವಾ ಡಾಕ್ಟ್ರೇ, ಹೇಗೂ ಬಿದ್ದು ಹೋಗ್ತದೆ.' ಉಡುಪಿಯ ನನ್ನ ಕ್ಲಿನಿಕ್ಕಿನಲ್ಲಿ ದಿನಾ ಕೇಳುವ ಮಾತಿದು. ಬಾಯಿ ತೆರೆಸಿ ನೋಡಿದರೆ ಎಷ್ಟೋ ಸಲ ಹುಳುಕು ಹಿಡಿದಿರುವುದು ಕಾಯಂ ದವಡೆ ಹಲ್ಲಿಗೆ. ಇದು 6ನೇ ವಯಸ್ಸಿನ ಆಸುಪಾಸಿನಲ್ಲಿ ಹಾಲು ಹಲ್ಲುಗಳ ಹಿಂದೆ ಹುಟ್ಟುತ್ತದೆ. ಯಾವ ಹಲ್ಲೂ ಬಿದ್ದು ಜಾಗ ಬಿಡಬೇಕಾಗಿಲ್ಲ. ಹಾಗಾಗಿ ಮನೆಯವರಿಗೆ ಗೊತ್ತೇ ಆಗುವುದಿಲ್ಲ.

ಈ ಹಲ್ಲಿನ ಮೇಲೆ ಸಣ್ಣ ಸಣ್ಣ ಗೆರೆಗಳು. ಕೆಲವು ಎಷ್ಟು ಕಿರಿದು ಅಂದರೆ ಬ್ರಶ್ಶಿನ ಒಂದು ಎಳೆಯೂ ಒಳಗೆ ಇಳಿಯುವುದಿಲ್ಲ. ಬಿಸ್ಕತ್ತಿನ ಹುಡಿ ಮಾತ್ರ ಸಲೀಸಾಗಿ ಇಳಿಯುತ್ತದೆ. ಹುಳುಕು ಶುರುವಾಗುವ ಮೊದಲೇ ಆ ಗೆರೆಗಳನ್ನು ಪ್ಲಾಸ್ಟಿಕ್‌ನಂಥ ತೆಳುವಾದ ರೆಸಿನ್‌ನಿಂದ ಮುಚ್ಚಿಬಿಡುವುದೇ ಸೀಲಂಟ್. ಇಂಜೆಕ್ಷನ್ ಇಲ್ಲ, ಕೊರೆಯುವುದೂ ಇಲ್ಲ. ಆದರೆ ಗುಂಡಿ ಬಿದ್ದಾಗಿದ್ದರೆ ಫಿಲ್ಲಿಂಗೇ ಬೇಕು.

ಹಲ್ಲು ಚೊಕ್ಕ ಮಾಡಿ ಫಾಸ್ಫಾರಿಕ್ ಆಸಿಡ್ ಜೆಲ್ ಹಚ್ಚುತ್ತೇನೆ. ಸಾಮಾನ್ಯವಾಗಿ 37 ಶೇಕಡಾದ್ದು. ಆಸಿಡ್ ಹಚ್ಚಿದರೆ ರೆಸಿನ್ ಹಲ್ಲಿಗೆ ಗಟ್ಟಿಯಾಗಿ ಅಂಟುತ್ತದೆ ಅಂತ 1955ರಲ್ಲೇ ಅಮೆರಿಕದ ದಂತವೈದ್ಯ ಬುವೊನೊಕೋರ್ ತೋರಿಸಿಕೊಟ್ಟಿದ್ದರು. ಸ್ವಲ್ಪ ಹೊತ್ತು ಬಿಟ್ಟು ತೊಳೆದು, ಗಾಳಿ ಬಿಟ್ಟು ಒಣಗಿಸಿದರೆ ಹೊಳೆಯುತ್ತಿದ್ದ ಹಲ್ಲು ಸೀಮೆಸುಣ್ಣದ ಹಾಗೆ ಮಾಸಲು ಬಿಳಿ ಆಗುತ್ತದೆ. ಆ ಬಿಳುಪು ಕಾಣದೆ ನಾನು ಮುಂದೆ ಹೋಗುವುದೇ ಇಲ್ಲ.

ಕಷ್ಟ ಇರುವುದು ಇಲ್ಲಿಂದ. ಈಗ ಒಂದು ಹನಿ ಜೊಲ್ಲು ತಾಗಿದರೂ ಸೀಲಂಟ್ ಸರಿಯಾಗಿ ಹಿಡಿಯುವುದಿಲ್ಲ, ಮತ್ತೆ ಆಸಿಡ್‌ನಿಂದಲೇ ಶುರು ಮಾಡಬೇಕು. ಕೆನ್ನೆಯ ಬದಿಗೆ ಹತ್ತಿ, ನಾಲಿಗೆಯ ಬದಿಗೆ ಹತ್ತಿ, ಜೊಲ್ಲು ಎಳೆಯುವ ಸಕ್ಷನ್ ಹಿಡಿಯಲು ಸಹಾಯಕಿ ಇರಲೇಬೇಕು. ಆದರೂ ಮಕ್ಕಳ ನಾಲಿಗೆ ಕೇಳಬೇಕಲ್ಲ! 'ಅಲ್ಲಿ ಎಂತ ಇದೆ' ಅಂತ ನೋಡಲು ಬಂದೇ ಬರುತ್ತದೆ. ಅದಕ್ಕೇ ಮೊದಲೇ ಕನ್ನಡಿ ಕೊಟ್ಟು, ಗಾಳಿಯನ್ನು ಅಂಗೈಗೆ ಬಿಟ್ಟು ತೋರಿಸುತ್ತೇನೆ. ಮಕ್ಕಳ ಜೊತೆ ತುಳುವಿನಲ್ಲೇ ಮಾತು. ಸುಮ್ನೆ ಗದರಿಸಿದರೆ ಅಳು, ಅಳು ಬಂದರೆ ಜೊಲ್ಲು ಇನ್ನೂ ಜಾಸ್ತಿ. ಆಮೇಲೆ ಸೀಲಂಟ್ ಹರಿಸಿ, ನೀಲಿ ಲೈಟ್ ಹಿಡಿದು ಗಟ್ಟಿ ಮಾಡಿದರೆ ಮುಗಿಯಿತು.

ಹಲ್ಲು ಅರ್ಧ ಮಾತ್ರ ಬಂದು, ಹಿಂಬದಿಗೆ ಇನ್ನೂ ಒಸಡು ಮುಚ್ಚಿಕೊಂಡಿದ್ದರೆ ಒಣಗಿಸುವುದು ಆಗದ ಮಾತು. ಅಂಥ ಮಕ್ಕಳಿಗೆ ಸದ್ಯಕ್ಕೆ ಗ್ಲಾಸ್ ಐಯಾನಮರ್ ಅನ್ನುವ ಹಲ್ಲಿನ ಸಿಮೆಂಟ್ ಹಾಕುತ್ತೇನೆ. ಅದು ರೆಸಿನ್‌ನಷ್ಟು ದಿನ ನಿಲ್ಲುವುದಿಲ್ಲ, ಆದರೆ ಸ್ವಲ್ಪ ತೇವ ತಡೆದುಕೊಳ್ಳುತ್ತದೆ, ಹುಳುಕು ತಡೆಯುವ ಫ್ಲೋರೈಡ್ ಬಿಡುತ್ತದೆ. ಹಲ್ಲು ಪೂರ್ತಿ ಬಂದ ಮೇಲೆ ರೆಸಿನ್.

ಸೀಲಂಟ್ ಆಯ್ತಲ್ಲ, ರಾತ್ರಿ ಬ್ರಶ್ ಬೇಡ ಅಂದುಕೊಳ್ಳುವವರೂ ಇದ್ದಾರೆ ಮಾರಾಯ್ರೇ. ಸೀಲಂಟ್ ಕಾಯುವುದು ಮೇಲಿನ ಗೆರೆಗಳನ್ನು ಮಾತ್ರ. ಎರಡು ಹಲ್ಲುಗಳ ನಡುವಿನ ಸಂದಿಗೆ ಅದರಿಂದ ಏನೂ ಪ್ರಯೋಜನವಿಲ್ಲ. ಆರು ತಿಂಗಳಿಗೊಮ್ಮೆ ಬಂದರೆ ಅಂಚು ಎದ್ದಿದೆಯಾ ನೋಡಿ, ಎದ್ದಿದ್ದರೆ ಅಲ್ಲಿಗೆ ಮತ್ತೆ ಹಾಕಿಬಿಡಬಹುದು. 12ರ ಆಸುಪಾಸಿನಲ್ಲಿ ಹಿಂದಿನ ಇನ್ನೊಂದು ದವಡೆ ಹಲ್ಲು ಬರುತ್ತದೆ, ಆಗಲೂ ಕರೆದುಕೊಂಡು ಬನ್ನಿ ಅಂತ ಚೀಟಿಯಲ್ಲಿ ಬರೆದು ಕೊಡುತ್ತೇನೆ. ಬರುವವರು ಕಡಿಮೆ.