ಚೆಕ್‌ರೋಲ್‌ನಲ್ಲಿ ಮೂರನೇ ಲಕ್ಷ್ಮಿ

ನನ್ನ ಹಾರರ್ ಗೇಮಿನ ಮೊದಲ ಕರಡಿನಲ್ಲಿ ಎಲ್ಲವೂ ಇತ್ತು: ಕೊಡಗಿನ ಕಕ್ಕಡ ತಿಂಗಳ ಮಳೆ, ಕರೆಂಟಿಲ್ಲದ ಬಂಗಲೆ, ಕಾಡಿನಿಂದ ಇಳಿದುಬರುವ ಗುಳಿಗ. ಗುಳಿಗನನ್ನು ಬೇಗನೆ ಕೈಬಿಟ್ಟೆ. ಪಕ್ಕದ ಮನೆಯವರು ಹರಕೆ ಹೊತ್ತು ಕೈಮುಗಿಯುವ ದೈವವನ್ನು ಆಟಗಾರನ ಹಿಂದೆ ಅಟ್ಟುವುದು ಸರಿಬರಲಿಲ್ಲ. ಉಳಿದದ್ದು ಮಳೆ, ಕತ್ತಲೆ. ಅವಕ್ಕೆ ಕೊಡಗಿನಲ್ಲಿ ಯಾರೂ ಹೆದರುವುದಿಲ್ಲ, ಬೈಯುತ್ತಾರೆ ಅಷ್ಟೆ.

ಅಪ್ಪ ಸುಂಟಿಕೊಪ್ಪದ ಕಡೆಯ ಕಾಫಿ ತೋಟದಲ್ಲಿ ರೈಟರ್, ಅಂದರೆ ಆಳುಗಳ ಹಾಜರಿ, ಕೂಲಿಯ ಲೆಕ್ಕ ಬರೆಯುವ ಗುಮಾಸ್ತ ಆಗಿದ್ದವರು. ಒಂದು ರಾತ್ರಿ ಊಟದ ಹೊತ್ತಿಗೆ ಕೇಳಿದೆ: “ಅಪ್ಪ, ರೈಟರಿಗೆ ಹೆದರಿಕೆ ಅಂದ್ರೆ ಯಾವುದು?”

“ಸಂಜೆ ಲೆಕ್ಕ ತಾಳೆ ಆಗದಿದ್ರೆ ಮಾರಾಯ. ದೆವ್ವ ಬಂದು ಹಾಜರಿ ಹಾಕು ಅಂತ ಕೇಳ್ತದಾ?”

ಕೇಳಿದರೆ? ನನಗೆ ಕಥೆ ಸಿಕ್ಕಿದ್ದು ಅಲ್ಲೇ.

ಆಟಗಾರನೇ ರೈಟರ್. ಬೆಳಿಗ್ಗೆ ಚೆಕ್‌ರೋಲ್‌ನಲ್ಲಿ ಹಾಜರಿ ಹಾಕಬೇಕು, ಸಂಜೆ ಕೊಯ್ದ ಹಣ್ಣು ತೂಗಬೇಕು. ಯಾವ ತೋಟದಲ್ಲೂ ಒಂದೇ ಹೆಸರಿನವರು ಇಬ್ಬರಿರುತ್ತಾರೆ. ದೊಡ್ಡ ಲಕ್ಷ್ಮಿ, ಸಣ್ಣ ಲಕ್ಷ್ಮಿ. ಎರಡನೇ ದಿನ ಪಟ್ಟಿಯಲ್ಲಿ ಬರಿಯ ‘ಲಕ್ಷ್ಮಿ’ ಎಂದು ಇನ್ನೊಂದು ಸಾಲು ಇರುತ್ತದೆ. ಹೊಡೆದುಹಾಕಿದರೆ ಸಂಜೆ ಯಾರದೂ ಅಲ್ಲದ ಮೂಟೆಯೊಂದು ಉಳಿಯುತ್ತದೆ, ಸರಿಯಾಗಿ 38 ಕಿಲೋ. ಹಾಜರಿ ಹಾಕಿದರೆ ಕೂಲಿ ಹಂಚುವಾಗ ದುಡ್ಡು ಸಾಲದು.

ಈ ತೂಕಕ್ಕಾಗಿ ನನ್ನ ಪ್ರೀತಿಯ ಮಳೆಗಾಲವನ್ನೇ ಬಿಡಬೇಕಾಯಿತು. ಆಷಾಢದಲ್ಲಿ ಕಾಫಿ ಕೊಯ್ಯುವವರುಂಟೆ? ಕಥೆ ಜನವರಿಗೆ, ರೊಬಸ್ಟಾ ಕೊಯ್ಲಿಗೆ ಬಂತು. ಮಳೆ ಹಳೆಯ ನೆನಪುಗಳಲ್ಲಿ ಮಾತ್ರ ಉಳಿಯಿತು, ಮೊದಲಿಗಿಂತ ಹೆಚ್ಚು ಕೆಲಸ ಮಾಡಿತು. ಬೆಳಗಿನ ಮಂಜು ಹಾಕಿದ್ದು ಭಯಕ್ಕಲ್ಲ. ದೂರದ ಸಿಲ್ವರ್ ಓಕ್ ಮರಗಳನ್ನೆಲ್ಲ ಬಿಡಿಸುವ ತಾಕತ್ತು ನನ್ನ ಲ್ಯಾಪ್‌ಟಾಪಿಗೆ ಇರಲಿಲ್ಲ.

ಪಾತ್ರ ಕಟ್ಟುವಾಗ ನಾನು ಜಾತಕ ಬರೆಯಲಿಲ್ಲ. ಪ್ರತಿಯೊಬ್ಬರಿಗೂ ಅವರು ಬಾಯಿ ಬಿಡದ ಒಂದೇ ಒಂದು ಸಂಗತಿ ಬರೆದುಕೊಂಡೆ. ರೈಟರಿನದು ಇದು: ಹಿಂದಿನ ಮಳೆಗಾಲದಲ್ಲಿ ಕಳೆ ತೆಗೆಯಲು ಬಂದ ಹೆಂಗಸೊಬ್ಬಳು ತೋಟದ ಕೆರೆಗೆ ಜಾರಿದ ದಿನ, ಯಜಮಾನರ ಮಾತಿಗೆ ಕಟ್ಟುಬಿದ್ದು ಅವಳ ಹೆಸರಿನ ಮುಂದೆ ‘ಗೈರು’ ಎಂದು ತಿದ್ದಿದ್ದಾನೆ. ಕೆಲಸಕ್ಕೇ ಬಾರದವಳಿಗೆ ಪರಿಹಾರ ಎಲ್ಲಿಂದ? ಇದನ್ನು ಆಟದಲ್ಲಿ ಯಾರೂ ಹೇಳುವುದಿಲ್ಲ. ಮೇಸ್ತ್ರಿ ಮಾತ್ರ ದಿನಾ ಸಂಜೆ ಒಂದೇ ಪ್ರಶ್ನೆ ಕೇಳುತ್ತಾನೆ: “ಎಷ್ಟು ಜನ ಬಂದಿದ್ರು ರೈಟ್ರೇ?” ನಾಲ್ಕನೇ ಸಂಜೆ ಪ್ರಶ್ನೆ ಒಂಚೂರು ಬದಲಾಗುತ್ತದೆ: “ಎಷ್ಟು ಜನ ವಾಪಸ್ ಹೋದ್ರು ರೈಟ್ರೇ?” ಈ ಒಂದು ಸಾಲಿಗೆ ನಾನು ಹಿಡಿದ ಸಮಯದಲ್ಲಿ ಬಂಗಲೆಯ ನಾಲ್ಕು ಕೋಣೆ ಕಟ್ಟಬಹುದಿತ್ತು.

ಶುರುವಿನಲ್ಲಿ ಮನಸ್ಸಿನ ಸ್ಥಿಮಿತ ತೋರಿಸುವ ಮೀಟರೊಂದನ್ನು ಪರದೆಯ ಮೂಲೆಯಲ್ಲಿ ಇಟ್ಟಿದ್ದೆ. ಆಡಿ ನೋಡಿದವರೆಲ್ಲ ಅದನ್ನೇ ನೋಡುತ್ತ ಕೂತರು, ಚೆಕ್‌ರೋಲ್ ನೋಡಲಿಲ್ಲ. ತೆಗೆದುಹಾಕಿದೆ. ಆಮೇಲೆ ಕುಶಾಲನಗರದ ಗೆಳೆಯ ಮೂರನೇ ದಿನಕ್ಕೆ ಬಂದಾಗ ಬೆರಳು ಮಡಚಿ ಹೆಸರು ಎಣಿಸತೊಡಗಿದ. ಮತ್ತೆ ಎಣಿಸಿದ. ಹೆಡ್‌ಫೋನ್ ತೆಗೆದಿಟ್ಟು, “ಇದೆಂತ ಸಾವು, ಮೊದಲು ಹದಿನಾಲ್ಕಿತ್ತಲ್ಲ?” ಎಂದ.

ಸಂಭಾಷಣೆಯ ಕವಲುಗಳನ್ನು ಇಂಕ್ ಎಂಬ ಸ್ಕ್ರಿಪ್ಟ್ ಭಾಷೆಯಲ್ಲಿ ಬರೆದೆ, ಉಳಿದದ್ದು ಗೋಡೋ ಎಂಬ ಗೇಮ್ ಎಂಜಿನ್‌ನಲ್ಲಿ. ಗೋಡೋ 3ರಲ್ಲಿ ಕನ್ನಡದ ಒತ್ತಕ್ಷರ ಕೂಡುತ್ತಿರಲಿಲ್ಲ. ‘ಲಕ್ಷ್ಮಿ’ ಚೂರುಚೂರಾಗಿ ಕಾಣುತ್ತಿದ್ದಳು. 2023ರಲ್ಲಿ ಬಂದ ಗೋಡೋ 4ರಲ್ಲಿ ಅಕ್ಷರ ಸರಿಯಾಯಿತು. ಚೂರಾದ ಆ ಹೆಸರನ್ನು ಮಾತ್ರ ಚಿತ್ರ ಮಾಡಿಟ್ಟುಕೊಂಡು ಕೊನೆಯ ದಿನದ ಪುಟದಲ್ಲಿ ಬಳಸಿದ್ದೇನೆ.

ಹೋದ ತಿಂಗಳು ಅಪ್ಪನನ್ನು ಕೂರಿಸಿ ಆಡಿಸಿದೆ. ಮೌಸ್ ಹಿಡಿಯಲು ಬರದೆ ನನ್ನಿಂದಲೇ ಒತ್ತಿಸಿದರು. ಮೂರನೇ ಲಕ್ಷ್ಮಿಯನ್ನು ಹೊಡೆದುಹಾಕಲು ಬಿಡಲಿಲ್ಲ. “ಪೆನ್ನು ಕೊಡು” ಎಂದು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಲೆಕ್ಕ ಬರೆದುಕೊಂಡರು. ಕಡೆಗೆ ಕನ್ನಡಕ ತೆಗೆದು, “ಎಲ್ಲ ಸರಿ. ಆ ದಿನದ ಅವಳ ಅರ್ಧ ದಿನದ ಕೂಲಿ ಯಾರ ಹತ್ರ ಉಂಟು?” ಎಂದರು.

ನನ್ನ ಕರಡಿನಲ್ಲಿ ಅದು ಎಲ್ಲೂ ಇರಲಿಲ್ಲ. ಐದನೇ ದಿನವನ್ನು ಈಗ ಮೊದಲಿಂದ ಬರೆಯುತ್ತಿದ್ದೇನೆ. ರೈಟರಿನ ಮೇಜಿಗೆ ಒಂದು ಡ್ರಾಯರ್ ಸೇರಿಸಿದ್ದೇನೆ.