ಹಳೆಯ ಕಂಪ್ಯೂಟರಿಗೆ ಸ್ಟಾರ್ಟಪ್ ಡಿಸ್ಕ್: ಕೆಡುವ ಮೊದಲೇ ಮಾಡಿಟ್ಟುಕೊಳ್ಳಿ

ವಿಂಡೋಸ್ 98 ಇರುವ ಕಂಪ್ಯೂಟರನ್ನು ಇಂದಿಗೂ ಬಳಸುತ್ತಿರುವವರು, ಅದು ಸರಿಯಾಗಿ ನಡೆಯುತ್ತಿರುವಾಗಲೇ ಒಂದು ಸ್ಟಾರ್ಟಪ್ ಡಿಸ್ಕ್ (ವಿಂಡೋಸ್ ತೆರೆಯದಿದ್ದಾಗಲೂ ಯಂತ್ರವನ್ನು ಆರಂಭಿಸಲು ನೆರವಾಗುವ ಫ್ಲಾಪಿ) ಮಾಡಿಟ್ಟುಕೊಳ್ಳಬೇಕೆಂದು ಕೋರುತ್ತೇನೆ. 1.44 ಎಂಬಿ ಫ್ಲಾಪಿಯನ್ನು ಹಾಕಿ, ಕಂಟ್ರೋಲ್ ಪ್ಯಾನೆಲ್‌ನ ಆಡ್/ರಿಮೂವ್ ಪ್ರೋಗ್ರಾಮ್ಸ್‌ನಲ್ಲಿರುವ ಸ್ಟಾರ್ಟಪ್ ಡಿಸ್ಕ್ ಪುಟದಲ್ಲಿ ಕ್ರಿಯೇಟ್ ಡಿಸ್ಕ್ ಒತ್ತಿದರೆ ಸಾಕು. ಫ್ಲಾಪಿಯಲ್ಲಿದ್ದ ಹಳೆಯ ಕಡತಗಳು ಅಳಿಸಿಹೋಗುತ್ತವೆ. ಬಳಿಕ ಅದರ ರೈಟ್ ಪ್ರೊಟೆಕ್ಟ್ ಕಿಂಡಿಯನ್ನು (ಇದು ತೆರೆದಿದ್ದರೆ ಡಿಸ್ಕಿಗೆ ಏನನ್ನೂ ಬರೆಯಲಾಗದು) ತಪ್ಪದೆ ತೆರೆದಿಡಿ, ಇಲ್ಲವಾದರೆ ವೈರಸ್ ಹೊಕ್ಕ ಯಂತ್ರದಿಂದ ಡಿಸ್ಕಿಗೂ ಅದು ಅಂಟಬಹುದು.

ಈ ಡಿಸ್ಕಿನಿಂದ ಯಂತ್ರವನ್ನು ಆರಂಭಿಸಿದಾಗ ರ‍್ಯಾಮ್‌ನಲ್ಲಿ 2 ಎಂಬಿಯ ತಾತ್ಕಾಲಿಕ ಡ್ರೈವೊಂದು ಸೃಷ್ಟಿಯಾಗುವುದರಿಂದ ಸಿಡಿ ಡ್ರೈವಿನ ಅಕ್ಷರ ಒಂದು ಸ್ಥಾನ ಮುಂದೆ ಸರಿಯುತ್ತದೆ. ‘ಡಿ’ ಇದ್ದದ್ದು ‘ಇ’ ಆದುದನ್ನು ಕಂಡು ಡ್ರೈವೇ ಕೆಟ್ಟಿದೆಯೆಂದು ದಯವಿಟ್ಟು ಭಾವಿಸಬೇಡಿ. ಮೊದಲು ಸ್ಕ್ಯಾನ್‌ಡಿಸ್ಕ್ ನಡೆಸಿ ಹಾರ್ಡ್ ಡಿಸ್ಕಿನ ದೋಷಗಳನ್ನು ಪರೀಕ್ಷಿಸಿ. ಹಾರ್ಡ್ ಡಿಸ್ಕನ್ನು ವಿಭಾಗಗಳಾಗಿ ಹಂಚುವ ಎಫ್‌ಡಿಸ್ಕ್ ಅನ್ನು ಮಾತ್ರ ಪೂರ್ಣ ಅರಿವಿಲ್ಲದೆ ಬಳಸಬಾರದು, ಏಕೆಂದರೆ ಅದರಲ್ಲಿ ವಿಭಾಗವೊಂದನ್ನು ಅಳಿಸಿದರೆ ಅಲ್ಲಿದ್ದ ಕಡತಗಳೆಲ್ಲವೂ ಕೈತಪ್ಪುತ್ತವೆ.