ಕುದುರೆಯಿಂದ ಉರುಳುವ ಸವಾರ: ರೋಮನ್ ಅನುಕರಣ ನಾಣ್ಯಗಳನ್ನು ನಾನು ಗುರುತಿಸಿದ ಬಗೆ

ನೌಕರಿಗಾಗಿ ಇಂಗ್ಲೆಂಡಿಗೆ ಬಂದ ಎರಡನೆಯ ವರ್ಷ, ಹಳೆಯ ನಾಣ್ಯಗಳ ವ್ಯಾಪಾರಿಯೊಬ್ಬರಿಂದ ಇನ್ನೂ ಮಣ್ಣು ಬಿಡಿಸದ ಮೂವತ್ತು ರೋಮನ್ ಕಂಚಿನ ನಾಣ್ಯಗಳ ಪೊಟ್ಟಣವನ್ನು ಕೊಂಡೆ. ಡಿಸ್ಟಿಲ್ಡ್ ನೀರಿನಲ್ಲಿ ವಾರಗಟ್ಟಲೆ ನೆನೆಸಿ, ಬಿದಿರು ಕಡ್ಡಿಯಿಂದ ಮೆಲ್ಲನೆ ಕೆದಕಿದಾಗ ಹನ್ನೊಂದು ನಾಣ್ಯಗಳಲ್ಲಿ ಒಂದೇ ಚಿತ್ರ ಮೂಡಿತು: ಕುದುರೆಯಿಂದ ಉರುಳುತ್ತಿರುವ ಶತ್ರುವನ್ನು ಸೈನಿಕನೊಬ್ಬ ಈಟಿಯಿಂದ ತಿವಿಯುತ್ತಿರುವ ಚಿತ್ರ. ಕ್ರಿ.ಶ. 348ರ ಸುಮಾರಿಗೆ ರೋಮನ್ ಚಕ್ರವರ್ತಿಗಳಾದ ಕಾನ್‌ಸ್ಟಾನ್ಸ್ ಮತ್ತು ಎರಡನೆಯ ಕಾನ್‌ಸ್ಟಾಂಟಿಯಸ್ ಸೋದರರು ಹೊರಡಿಸಿದ ಈ ಮಾಲಿಕೆಯ ಸುತ್ತುಬರಹ ‘ಫೆಲ್ ಟೆಂಪ್ ರೆಪರೇಷಿಯೊ’, ಎಂದರೆ ಸುಖದ ಕಾಲ ಮರಳಿ ಬಂತೆಂಬ ಸಾರಿಕೆ. ಆದರೆ ನನ್ನ ಹನ್ನೊಂದರಲ್ಲಿ ದೊಡ್ಡದು 18 ಮಿ.ಮೀ. ಅಗಲವಿದ್ದರೆ, ಚಿಕ್ಕದು 9 ಮಿ.ಮೀ. ಮಾತ್ರವಿತ್ತು.

ಚಿಕ್ಕವನ್ನೆಲ್ಲ ವ್ಯಾಪಾರಿ ‘ಬಾರ್ಬೇರಿಯನ್ನರ ನಾಣ್ಯ’ ಎಂದಿದ್ದರು. ಬಳಕೆಯಲ್ಲಿರುವ ಹೆಸರು ಅದೇ ಆದರೂ ನನಗೆ ಒಪ್ಪಿಗೆಯಿಲ್ಲ. ಇವನ್ನು ಮಾಡಿದವರು ಗಡಿಯಾಚೆಯ ದಾಳಿಕೋರರಲ್ಲ, ಬ್ರಿಟನ್ ಮತ್ತು ಗಾಲ್ (ಇಂದಿನ ಫ್ರಾನ್ಸಿನ ಸೀಮೆ) ಎಂಬ ರೋಮನ್ ಪ್ರಾಂತ್ಯಗಳೊಳಗೇ ಬದುಕುತ್ತಿದ್ದ ಜನ. ಲಂಡನ್ನಿನ ಟಂಕಸಾಲೆ 325ರ ಸುಮಾರಿಗೇ ಮುಚ್ಚಿದ್ದರಿಂದ ಬ್ರಿಟನ್ನಿಗೆ ಚಿಲ್ಲರೆ ಬರಬೇಕಾದದ್ದು ಮುಖ್ಯವಾಗಿ ಟ್ರಿಯರ್, ಲಿಯಾನ್, ಆರ್ಲ್ ನಗರಗಳಿಂದ. 350ರಲ್ಲಿ ಸಿಂಹಾಸನ ಕಸಿದ ಮ್ಯಾಗ್ನೆಂಟಿಯಸ್ 353ರಲ್ಲಿ ಸೋತ ಮೇಲೆ ಅವನ ನಾಣ್ಯಗಳ ಚಲಾವಣೆ ನಿಂತು, ಸಂತೆಯಲ್ಲಿ ಚಿಲ್ಲರೆಗೆ ಬರ ಬಂದಿತು. ಆ ಕೊರತೆಯನ್ನು ಜನ ತಾವೇ ಅಚ್ಚು ಕೆತ್ತಿ ತುಂಬಿಕೊಂಡರು.

ಮೊದಲು ನಾನು ತಕ್ಕಡಿಯನ್ನೇ ನಂಬಿದ್ದೆ. ಹಗುರವಾದದ್ದು ಅನುಕರಣ, ತೂಕವಿದ್ದದ್ದು ಅಸಲಿ ಎಂದು ಬೇರ್ಪಡಿಸಿ, ಕಾಗದದ ಲಕೋಟೆಗಳ ಮೇಲೆ ಬರೆದೂ ಇಟ್ಟೆ. ಅದು ತಪ್ಪಾಯಿತು. ಮೊದಲಿಗೆ ಸುಮಾರು 5 ಗ್ರಾಂ ಇದ್ದ ಸರ್ಕಾರಿ ನಾಣ್ಯವೇ ಕೆಲವು ವರ್ಷಗಳಲ್ಲಿ ಎರಡೂವರೆಗೆ, ಕಡೆಗೆ ಎರಡು ಗ್ರಾಮಿನ ಆಸುಪಾಸಿಗೆ ಇಳಿದಿತ್ತು. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಏಮಾರಿಸಿದ್ದು 13 ಮಿ.ಮೀ. ಅಗಲದ ಒಂದು ನಾಣ್ಯ. ಅದನ್ನು ಅನುಕರಣವೆಂದು ಬರೆದು ಎರಡು ತಿಂಗಳಾದ ಮೇಲೆ, ಮೇಜುದೀಪವನ್ನು ಓರೆಯಾಗಿ ಹಿಡಿದು ಮತ್ತೆ ನೋಡಿದೆ. ಸೈನಿಕನ ತಲೆಯೂ ಕುದುರೆಯ ಹಿಂಗಾಲೂ ಅಂಚಿನಲ್ಲಿ ಕತ್ತರಿಸಿಹೋಗಿದ್ದವು, ಸುತ್ತುಬರಹದಲ್ಲಿ ಅಕ್ಷರಗಳ ಬುಡವಷ್ಟೇ ಉಳಿದಿತ್ತು, ಉಳಿದ ಕೆತ್ತನೆ ಮಾತ್ರ ಅಚ್ಚುಕಟ್ಟಾಗಿತ್ತು. ದೊಡ್ಡ ಅಚ್ಚಿನಿಂದ ಟಂಕಿಸಿದ ಸರ್ಕಾರಿ ನಾಣ್ಯದ ಅಂಚನ್ನು ಯಾರೋ ಕತ್ತರಿಸಿಕೊಂಡಿದ್ದರು. ಅದೇ 9 ಮಿ.ಮೀ. ನಾಣ್ಯದಲ್ಲಿ, ಸವಾರ ಕಡ್ಡಿಗಳ ಗೊಂಬೆಯಂತಿದ್ದರೂ, ಸುತ್ತಲಿನ ಚುಕ್ಕಿಗಳ ಬಳೆ ಬಹುಪಾಲು ಒಳಗೇ ಅಡಗಿತ್ತು. ಅಲ್ಲಿ ಅಚ್ಚೇ ಚಿಕ್ಕದು. ಅಂದಿನಿಂದ ನಾನು ಬಿಲ್ಲೆಯನ್ನಲ್ಲ, ಅದನ್ನು ಒತ್ತಿದ ಅಚ್ಚನ್ನು ಅಳೆಯುತ್ತೇನೆ.

ಅಚ್ಚಿನ ಬಗ್ಗೆ ಹೆಚ್ಚು ಹೇಳುವುದು ಅಕ್ಷರಗಳು. ಲಿಪಿ ಗೊತ್ತಿಲ್ಲದ ಪೇಂಟರ್ ಬರೆದ ಕನ್ನಡ ಬೋರ್ಡಿನಲ್ಲಿ ಒತ್ತಕ್ಷರ ತೇಲಿಹೋಗಿ, ದೀರ್ಘ ಪಕ್ಕದ ಅಕ್ಷರಕ್ಕೆ ಅಂಟಿಕೊಂಡಿರುವುದನ್ನು ಕಂಡವರಿಗೆ ಇದು ಬೇಗ ಅರ್ಥವಾದೀತು. ಅನುಕರಣಕಾರನಿಗೆ ಅಕ್ಷರವೂ ಒಂದು ಚಿತ್ರವೇ: ‘ಆರ್’ನ ಬಾಲ ಮಾಯವಾಗುತ್ತದೆ, ‘ಎಸ್’ ತಿರುಗುಮುರುಗಾಗುತ್ತದೆ, ಕಡೆಗೆ ಬರಹವೆಲ್ಲ ಬೇಲಿಯ ಗೂಟಗಳಂತೆ ಸಾಲು ಗೆರೆಗಳಾಗುತ್ತದೆ. ಇದಕ್ಕೂ ಹಿಂದಿನ, 330ರ ದಶಕದ ನಾಣ್ಯಗಳ ನಕಲುಗಳಲ್ಲಿ ಟಂಕಸಾಲೆಯ ಗುರುತೂ ಹೀಗೆಯೇ ಕೆಡುತ್ತದೆ. ಟ್ರಿಯರ್‌ನ ಮೊದಲ ಕಾರ್ಯಾಗಾರದ ಗುರುತು ‘ಟಿಆರ್‌ಪಿ’. ಅದನ್ನು ಓದುವಾಗಲೆಲ್ಲ ನನಗೆ ನಮ್ಮ ಟೀವಿ ಚಾನೆಲ್‌ಗಳೇ ನೆನಪಾಗುತ್ತವೆ. ಬರಹ ಶುದ್ಧವಾಗಿದ್ದರೂ ಜೋಡಿ ತಪ್ಪಿರುವುದುಂಟು. ‘ಉರ್ಬ್ಸ್ ರೋಮ’ ಎಂಬ ಮುಮ್ಮೈಯ ಹಿಂದೆ ತೋಳ ಮತ್ತು ಅವಳಿ ಶಿಶುಗಳಿರಬೇಕಾದಲ್ಲಿ ಹಡಗಿನ ಮೂತಿಯ ಮೇಲೆ ನಿಂತ ವಿಜಯದೇವತೆ ಕಂಡರೆ ನಾನು ಕೂಡಲೇ ಅನುಮಾನಿಸುತ್ತೇನೆ, ಏಕೆಂದರೆ ಆಕೆ ‘ಕಾನ್‌ಸ್ಟಾಂಟಿನೊಪೊಲಿಸ್’ ನಾಣ್ಯದ ಹಿಮ್ಮೈಗೆ ಸೇರಿದವಳು.

ಕೆತ್ತನೆ ಒರಟಾಗಿದೆ ಎಂಬುದೊಂದೇ ಕಾರಣವನ್ನು ನಾನು ಒಪ್ಪುವುದಿಲ್ಲ. ಅವಸರದ ವರ್ಷಗಳಲ್ಲಿ ಸರ್ಕಾರಿ ಕೆತ್ತನೆಗಾರರೂ ಕಳಪೆ ಮುಖಗಳನ್ನು ಕೆತ್ತಿದ್ದಾರೆ. ಆದ್ದರಿಂದ ಗುರುತು ಓದಲಾಗುವ ಪ್ರತಿಯೊಂದನ್ನೂ ‘ರೋಮನ್ ಇಂಪೀರಿಯಲ್ ಕಾಯಿನೇಜ್’ ಎಂಬ ನಾಣ್ಯಸೂಚಿಯ ಎಂಟನೆಯ ಸಂಪುಟದಲ್ಲಿ ಆ ಟಂಕಸಾಲೆಯ ಪಟ್ಟಿಯೊಡನೆ ತಾಳೆ ನೋಡಿ, ಬಳಿಕವೇ ಲಕೋಟೆಯ ಮೇಲೆ ಬರೆಯುತ್ತೇನೆ, ಅದೂ ಪೆನ್ಸಿಲಿನಲ್ಲಿ.

ಹನ್ನೊಂದರಲ್ಲಿ ನನಗೆ ಅಚ್ಚುಮೆಚ್ಚಿನದು 15 ಮಿ.ಮೀ. ಅಗಲದ್ದು. ಉರುಳುವ ಸವಾರನ ಕೆಳಗೆ ಅಡ್ಡಲಾಗಿ ಏನೋ ಉಬ್ಬು ಕಾಣುತ್ತಿತ್ತು; ತುಕ್ಕೆಂದುಕೊಂಡು ಕಡ್ಡಿಯಿಂದ ಕೆದಕಲು ಹೊರಟಿದ್ದೆ. ನಾಣ್ಯವನ್ನು ಕಾಲು ಸುತ್ತು ತಿರುಗಿಸಿ ಬೆಳಕಿಗೆ ಹಿಡಿದಾಗ, ಇಬ್ಬರು ಸೈನಿಕರು ಮತ್ತು ಅವರ ನಡುವೆ ಒಂದೇ ಧ್ವಜಸ್ತಂಭ ಕಾಣಿಸಿತು. ಅದು 335ರಿಂದ 341ರ ನಡುವಿನ ‘ಗ್ಲೋರಿಯಾ ಎಕ್ಸೆರ್ಸಿಟಸ್’ ನಾಣ್ಯ. ಹೊಸ ಬಿಲ್ಲೆ ಎರಕ ಹೊಯ್ಯುವ ಗೋಜಿಗೆ ಹೋಗದೆ, ಯಾರೋ ಹಳೆಯ ಚಿಲ್ಲರೆಯ ಮೇಲೆಯೇ ತಮ್ಮ ಅಚ್ಚನ್ನಿಟ್ಟು ಸುತ್ತಿಗೆಯಿಂದ ಹೊಡೆದಿದ್ದರು.